ಕನ್ನಡದ ‘ಅಲ್ಲಿ’, ‘ಇಂದ’, ‘ಗೆ’: ಇಂಗ್ಲಿಷಿಗೆ ಹೋದಾಗ ಯಾವ ಪ್ರೆಪೊಸಿಷನ್?

ಮಂಡ್ಯ ಬಿ.ಕಾಂ.

ಎಲ್ಲರಿಗೂ ನಮಸ್ಕಾರ. ನಾನು ಬಿ.ಕಾಂ. ಕೊನೆಯ ವರ್ಷದ ವಿದ್ಯಾರ್ಥಿನಿ, ಊರು ಮಂಡ್ಯ. ಮೈಸೂರಿನ ಒಂದು ಕಂಪನಿಯ ಅಕೌಂಟ್ಸ್ ವಿಭಾಗಕ್ಕೆ ಅರ್ಜಿ ಹಾಕ್ತಾ ಇದ್ದೀನಿ. ಮೇಲ್ ಬರೆದಿಟ್ಟಿದ್ದೀನಿ, ಆದರೆ ಪ್ರತಿ ವಾಕ್ಯದಲ್ಲೂ ಒಂದು ಚಿಕ್ಕ ಪದದ ಹತ್ತಿರ ಅನುಮಾನ ಬರುತ್ತೆ. ಈ ನಾಲ್ಕು ವಾಕ್ಯ ನೋಡಿ:

‘ಐ ಆಮ್ ವರ್ಕಿಂಗ್ ಇನ್ ಎ ಟ್ಯಾಕ್ಸ್ ಕನ್ಸಲ್ಟೆಂಟ್ಸ್ ಆಫೀಸ್ ಸಿನ್ಸ್ ಒನ್ ಇಯರ್.’
‘ಐ ಆಮ್ ಗುಡ್ ಇನ್ ಟ್ಯಾಲಿ.’
‘ಐ ವಿಲ್ ಸೆಂಡ್ ಮೈ ಮಾರ್ಕ್ಸ್ ಕಾರ್ಡ್ಸ್ ವಿಥಿನ್ ಫ್ರೈಡೇ.’
‘ವಿ ಕ್ಯಾನ್ ಡಿಸ್ಕಸ್ ಅಬೌಟ್ ದಿ ಸ್ಯಾಲರಿ ಇನ್ ಫೋನ್.’

ಒಬ್ಬ ಗೆಳತಿ ‘ಇನ್’ ತೆಗೆದು ‘ಅಟ್’ ಹಾಕು ಅಂದಳು. ಇನ್ನೊಬ್ಬಳು ‘ವಿತ್’ ಅಂದಳು. ಯಾಕೆ ಅಂತ ಕೇಳಿದ್ರೆ ಇಬ್ಬರಿಗೂ ಗೊತ್ತಿಲ್ಲ. ಇದಕ್ಕೆ ಏನಾದರೂ ನಿಯಮ ಇದೆಯಾ, ಅಥವಾ ಎಲ್ಲಾ ಬಾಯಿಪಾಠನೇನಾ?

ಮದ್ದೂರು ಮೇಷ್ಟ್ರು

ಒಳ್ಳೇ ಪ್ರಶ್ನೆ ಕೇಳಿದ್ದೀಯಮ್ಮ. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತನಾದವನು. ಮಕ್ಕಳು ಎಲ್ಲಿ ಎಡವುತ್ತಾರೆ ಅಂತ ನೋಡಿ ನೋಡಿ ಒಂದು ವಿಷಯ ಖಚಿತವಾಗಿದೆ. ಗೊಂದಲದ ಬೇರು ಇರೋದು ನಮ್ಮ ವಿಭಕ್ತಿ ಪ್ರತ್ಯಯದಲ್ಲಿ.

‘ಮಂಡ್ಯದಲ್ಲಿ’, ‘ಫೋನಿನಲ್ಲಿ’, ‘ರಸ್ತೆಯಲ್ಲಿ’, ‘ಜೂನ್‌ನಲ್ಲಿ’, ‘ಲೆಕ್ಕದಲ್ಲಿ ಚುರುಕು’. ಕನ್ನಡಕ್ಕೆ ಎಲ್ಲ ಕಡೆ ಒಂದೇ ಸಪ್ತಮಿ ಸಾಕು. ಆ ‘ಅಲ್ಲಿ’ ಮನಸ್ಸಿನಲ್ಲಿ ಇಂಗ್ಲಿಷಾಗುವಾಗ ಮೊದಲು ನಾಲಿಗೆಗೆ ಬರೋದು ‘ಇನ್’. ಅದಕ್ಕೇ ನಿನ್ನ ನಾಲ್ಕು ವಾಕ್ಯದಲ್ಲಿ ಮೂರು ಕಡೆ ‘ಇನ್’ ಬಂದಿದೆ.

ಜಾಗಕ್ಕೆ ಸಂಬಂಧಿಸಿದಂತೆ ನಿಯಮ ಇದೆ, ಕಷ್ಟವೂ ಅಲ್ಲ. ಜಾಗವನ್ನು ಒಂದು ಬಿಂದು ಅಂತ ಗುರುತಿಸಿದರೆ ‘ಅಟ್’, ಗೆರೆ ಅಥವಾ ಮೇಲ್ಮೈ ಆದರೆ ‘ಆನ್’, ಸುತ್ತ ಎಲ್ಲೆ ಇರುವ ಜಾಗ ಆದರೆ ‘ಇನ್’. ಮೈಸೂರನ್ನೇ ತಗೊ. ‘ಅಟ್ ಕೆ.ಆರ್. ಸರ್ಕಲ್’, ‘ಆನ್ ಸಯ್ಯಾಜಿ ರಾವ್ ರೋಡ್’, ‘ಇನ್ ಸರಸ್ವತಿಪುರಂ’. ಒಂದೇ ಜಾಗಕ್ಕೆ ಎರಡೂ ಬರಬಹುದು. ‘ಮೀಟ್ ಮಿ ಅಟ್ ದಿ ಸ್ಟೇಷನ್’ ಅಂದರೆ ರೈಲ್ವೆ ಸ್ಟೇಷನ್ ಅನ್ನುವ ಗುರುತಿನ ಹತ್ತಿರ, ಹೊರಗೋ ಒಳಗೋ ಅನ್ನೋದು ಮುಖ್ಯ ಅಲ್ಲ. ‘ಇಟ್ ಈಸ್ ಹಾಟ್ ಇನ್ ದಿ ಸ್ಟೇಷನ್’ ಅಂದರೆ ಕಟ್ಟಡದ ಒಳಗೆ ಸೆಕೆ. ಶ್ರೀರಂಗಪಟ್ಟಣ ಇರೋದು ‘ಆನ್ ಆನ್ ಐಲೆಂಡ್ ಇನ್ ದಿ ಕಾವೇರಿ’. ದ್ವೀಪದ ಮೇಲೆ ಊರು, ನದಿಯೊಳಗೆ ದ್ವೀಪ. ಈ ಒಂದು ಉದಾಹರಣೆ ಕೊಟ್ಟರೆ ಮಕ್ಕಳು ‘ಆನ್’ಗೂ ‘ಇನ್’ಗೂ ಇರುವ ವ್ಯತ್ಯಾಸ ಮರೆಯುತ್ತಿರಲಿಲ್ಲ.

ದಿಕ್ಕಿಗೂ ಇದೇ ಲೆಕ್ಕ. ಮೈಸೂರು ಕರ್ನಾಟಕದ ದಕ್ಷಿಣದಲ್ಲಿದೆ, ರಾಜ್ಯದ ಒಳಗೇ ಇದೆ, ಹಾಗಾಗಿ ‘ಇನ್ ದಿ ಸೌತ್ ಆಫ್ ಕರ್ನಾಟಕ’. ಮಂಡ್ಯ ಪಟ್ಟಣ ಮೈಸೂರಿನ ಈಶಾನ್ಯಕ್ಕಿದೆ, ಮೈಸೂರಿನ ಹೊರಗಿದೆ, ಅದಕ್ಕೆ ‘ಟು ದಿ ನಾರ್ತ್-ಈಸ್ಟ್ ಆಫ್ ಮೈಸೂರು’. ಇಲ್ಲಿ ಕನ್ನಡ ನಿನಗೆ ಸಹಾಯ ಮಾಡುತ್ತೆ ನೋಡು: ಒಳಗಿದ್ದರೆ ‘ದಕ್ಷಿಣದಲ್ಲಿ’, ಹೊರಗಿದ್ದರೆ ‘ಈಶಾನ್ಯಕ್ಕೆ’. ಹಾಗೇ ಕಾವೇರಿಗೆ ಅಡ್ಡಲಾಗಿ ಕಟ್ಟಿದ ಕನ್ನಂಬಾಡಿ ಕಟ್ಟೆ, ‘ಎ ಡ್ಯಾಮ್ ಅಕ್ರಾಸ್ ದಿ ಕಾವೇರಿ’. ಕನ್ನಡದಿಂದ ಯೋಚಿಸಿದ್ರೆ ತಪ್ಪೇ ಆಗುತ್ತೆ ಅಂತೇನೂ ಇಲ್ಲ.

ಆದರೆ ‘ಗುಡ್ ಅಟ್’ ಇಂಥ ನಿಯಮಕ್ಕೆ ಸಿಗೋದಿಲ್ಲ. ಅದು ‘ಗುಡ್’ ಅನ್ನೋ ಪದದ ಜೊತೆಗೇ ಬರುವಂಥದ್ದು.

ಪಾಂಡವಪುರದಿಂದ

ಮೇಷ್ಟ್ರೇ, ಒಂದು ಡೌಟು. ಸುತ್ತ ಎಲ್ಲೆ ಇದ್ರೆ ‘ಇನ್’ ಅಂದ್ರಿ. ಬಸ್ಸಿಗೂ ಸುತ್ತ ತಗಡು ಐತಲ್ಲ, ಮತ್ತೆ ಯಾಕೆ ‘ಆನ್ ದಿ ಬಸ್’ ಅಂತಾರೆ? ಬಸ್ಸಿನ ಟಾಪ್ ಮೇಲೆ ಕೂತ್ಕಂಡಂಗೆ ಕೇಳ್ಸುತ್ತೆ.

ಮದ್ದೂರು ಮೇಷ್ಟ್ರು

ಕೇಳಬೇಕಾದ ಪ್ರಶ್ನೆನೇ. ಎದ್ದು ನಿಂತು ಓಡಾಡಬಹುದಾದ, ನಿಗದಿತ ದಾರಿಯಲ್ಲಿ ಹೋಗುವ ಸಾರ್ವಜನಿಕ ವಾಹನಕ್ಕೆ ಸಾಮಾನ್ಯವಾಗಿ ‘ಆನ್’: ಬಸ್, ರೈಲು, ವಿಮಾನ, ಹಡಗು. ಬಗ್ಗಿ ಒಳಗೆ ಕೂರುವುದಕ್ಕೆ ‘ಇನ್’: ಕಾರು, ಆಟೊ. ಇಳಿಯುವಾಗಲೂ ಇದೇ ಮುಂದುವರಿಯುತ್ತೆ, ‘ಗೆಟ್ ಆಫ್ ದಿ ಬಸ್’, ‘ಗೆಟ್ ಔಟ್ ಆಫ್ ದಿ ಆಟೊ’. ನಾವೆಲ್ಲ ಹೇಳುವ ‘ಗೆಟ್ ಡೌನ್ ಫ್ರಮ್ ದಿ ಬಸ್’ ‘ಬಸ್ಸಿನಿಂದ ಇಳಿ’ ಅನ್ನೋದರ ನೇರ ರೂಪ. ಆದರೆ ‘ಇನ್ ದಿ ಬಸ್’ ತಪ್ಪು ಅಂತ ಕೆಂಪು ಗೆರೆ ಹಾಕಬೇಡ. ಬಸ್ಸಿನ ಒಳಭಾಗವೇ ಮುಖ್ಯ ಆದಾಗ, ಒಳಗೆ ಗಾಳಿಯಿಲ್ಲ, ಒಳಗೆ ಕೊಡೆ ಬಿಟ್ಟುಬಂದೆ ಅನ್ನುವಾಗ ಅದೂ ಸರಿಯೇ.

ಗಂಗೋತ್ರಿ ಓದುಗ

ಮೇಷ್ಟ್ರು ‘ಅಲ್ಲಿ’ ಬಗ್ಗೆ ಹೇಳಿದ್ದನ್ನು ‘ಇಂದ’ಕ್ಕೂ ಚಾಚುತ್ತೇನೆ. ನನ್ನ ಪ್ರಕಾರ ಕನ್ನಡಿಗರಿಗೆ ಹೆಚ್ಚು ತೊಂದರೆ ಕೊಡುವುದು ಇದೇ ಪ್ರತ್ಯಯ.

ವ್ಯಾಕರಣದಲ್ಲಿ ತೃತೀಯಾಕ್ಕೆ ‘ಇಂದ’, ಪಂಚಮಿಗೆ ‘ದೆಸೆಯಿಂದ’ ಎಂದು ಓದಿದ್ದೇವೆ. ಮಾತಿನಲ್ಲಿ ಎರಡಕ್ಕೂ ‘ಇಂದ’ವೇ. ಈಗ ನೋಡಿ: ‘ಮಂಡ್ಯದಿಂದ ಬಂದೆ’ ಅಂದರೆ ‘ಫ್ರಮ್’. ‘ಚಾಕುವಿನಿಂದ ಕತ್ತರಿಸಿದೆ’ ಅಂದರೆ ‘ವಿತ್’. ‘ಅವರಿಂದ ಆದ ಕೆಲಸ’ ಅಂದರೆ ‘ಬೈ’. ‘ಮರದಿಂದ ಮಾಡಿದ ಮೇಜು’ ಅಂದರೆ ‘ಆಫ್’. ‘ಮಳೆಯಿಂದ ಆಟ ನಿಂತಿತು’ ಅಂದರೆ ‘ಬಿಕಾಸ್ ಆಫ್’. ‘2019ರಿಂದ’ ಅಂದರೆ ‘ಸಿನ್ಸ್’. ‘ಒಂದು ವರ್ಷದಿಂದ’ ಅಂದರೆ ‘ಫಾರ್’.

ಕೊನೆಯ ಎರಡನ್ನು ನೋಡಿ. ಕಾಲ ಶುರುವಾದ ಬಿಂದುವಿಗೂ ಕಾಲದ ಉದ್ದಕ್ಕೂ ಕನ್ನಡ ಒಂದೇ ಪ್ರತ್ಯಯ ಹಚ್ಚುತ್ತದೆ. ಇಂಗ್ಲಿಷ್ ಎರಡನ್ನೂ ಬೇರೆ ಮಾಡುತ್ತದೆ. ಕ್ಯಾಲೆಂಡರಿನಲ್ಲೋ ಗಡಿಯಾರದಲ್ಲೋ ಬೆರಳಿಟ್ಟು ತೋರಿಸಬಹುದಾದರೆ ‘ಸಿನ್ಸ್’, ಅಳೆದು ಹೇಳಬೇಕಾದರೆ ‘ಫಾರ್’. ‘ಸಿನ್ಸ್ ಒನ್ ಇಯರ್’ ಹುಟ್ಟುವುದು ಇಲ್ಲಿಂದಲೇ. ಜೊತೆಗೆ ಕ್ರಿಯಾಪದವೂ ಬದಲಾಗಬೇಕು: ‘ಐ ಹ್ಯಾವ್ ಬೀನ್ ವರ್ಕಿಂಗ್ ಫಾರ್ ಎ ಇಯರ್’. ಕನ್ನಡದಲ್ಲಿ ‘ಒಂದು ವರ್ಷದಿಂದ ಕೆಲಸ ಮಾಡ್ತಿದ್ದೀನಿ’ ಎಂದು ವರ್ತಮಾನವೇ ಸಾಕಾಗುವುದರಿಂದ ‘ಐ ಆಮ್ ವರ್ಕಿಂಗ್’ ಬಂದುಬಿಡುತ್ತದೆ.

ಇಂಗ್ಲಿಷಿಗೂ ಒಂದು ಕಾಲದಲ್ಲಿ ವಿಭಕ್ತಿಗಳಿದ್ದವು. ಹಳೆಯ ಇಂಗ್ಲಿಷಿನಲ್ಲಿ ನಾಮಪದದ ಕೊನೆಯ ಅಕ್ಷರಗಳೇ ಕರ್ತೃ ಯಾವುದು, ಕರ್ಮ ಯಾವುದು ಎಂದು ಹೇಳುತ್ತಿದ್ದವು. ಒತ್ತು ಬೀಳದ ಆ ಕೊನೆಯ ಸ್ವರಗಳು ಕ್ರಮೇಣ ಮಸುಕಾಗಿ ಉದುರಿದವು. ಅವು ಹೊತ್ತಿದ್ದ ಕೆಲಸ ಪದಗಳ ಕ್ರಮಕ್ಕೂ ಪ್ರೆಪೊಸಿಷನ್‌ಗಳಿಗೂ ಹೋಯಿತು. ಬೆರಳೆಣಿಕೆಯ ಪುಟ್ಟ ಪದಗಳ ಮೇಲೆ ಇಷ್ಟು ಭಾರ ಬಿದ್ದದ್ದರಿಂದ ಒಂದೊಂದಕ್ಕೂ ಹತ್ತಾರು ಅರ್ಥ ಹುಟ್ಟಿಕೊಂಡಿವೆ. ಹೀಗಿರುವಾಗ ‘ಅಟ್ ಎಂದರೆ ಇದು, ಆಫ್ ಎಂದರೆ ಇದು’ ಎಂಬ ಪಟ್ಟಿ ಕಲಿಯುವವರನ್ನು ದೂರ ಕರೆದೊಯ್ಯುವುದಿಲ್ಲ.

ಹೆಬ್ಬಾಳದ ಎಚ್.ಆರ್.

ನಾನು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ನೇಮಕಾತಿ ನೋಡಿಕೊಳ್ಳುವವಳು. ಮೊದಲೇ ಹೇಳಿಬಿಡ್ತೀನಿ, ‘ಗುಡ್ ಇನ್ ಟ್ಯಾಲಿ’ ಅಂತ ಬರೆದ ಕಾರಣಕ್ಕೆ ಯಾರನ್ನೂ ಕೈಬಿಡೋದಿಲ್ಲ. ಅರ್ಥ ಬದಲಾಗುವ ಕಡೆ ಮಾತ್ರ ಎಚ್ಚರ ಬೇಕು.

ನಿಮ್ಮ ಮೇಲ್‌ನಲ್ಲಿ ಅಂಥದ್ದು ‘ವಿಥಿನ್ ಫ್ರೈಡೇ’. ಶುಕ್ರವಾರದೊಳಗೆ, ಎರಡು ದಿನದೊಳಗೆ, ಎರಡಕ್ಕೂ ನಾವು ‘ಒಳಗೆ’ ಅಂತೀವಿ. ಇಂಗ್ಲಿಷಿನಲ್ಲಿ ಗಡುವಿನ ದಿನಕ್ಕೆ ‘ಬೈ ಫ್ರೈಡೇ’, ಅವಧಿಗೆ ‘ವಿಥಿನ್ ಟೂ ಡೇಸ್’. ‘ಅಂಟಿಲ್ ಫ್ರೈಡೇ’ ಅಂದ್ರೆ ಶುಕ್ರವಾರದ ತನಕ ಮುಂದುವರಿಯುವ ಕೆಲಸ. ‘ಐ ವಿಲ್ ಸೆಂಡ್ ಇಟ್ ಟಿಲ್ ಫ್ರೈಡೇ’ ಅಂತ ಬರೆದರೆ ಓದುವವರಿಗೆ ಶುಕ್ರವಾರದ ತನಕ ಕಳಿಸ್ತಾನೇ ಇರ್ತೀರಾ ಅನ್ನಿಸುತ್ತೆ. ‘ಐ ಕ್ಯಾನ್ ಜಾಯಿನ್ ಇನ್ ಟೂ ವೀಕ್ಸ್’ ಅಂದ್ರೆ ಎರಡು ವಾರ ಕಳೆದ ಮೇಲೆ, ‘ವಿಥಿನ್ ಟೂ ವೀಕ್ಸ್’ ಅಂದ್ರೆ ಅದಕ್ಕಿಂತ ಮೊದಲೂ ಬರಬಹುದು. ನಾವು ಸೇರುವ ದಿನಾಂಕ ಹಾಕೋದು ಆ ಒಂದು ಪದ ನೋಡಿ.

ಕೆಲಸದ ಬಗ್ಗೆ: ‘ಅಟ್’ ಕೆಲಸ ಮಾಡುವ ಜಾಗಕ್ಕೆ, ‘ಫಾರ್’ ಸಂಬಳ ಕೊಡುವವರಿಗೆ, ‘ಇನ್’ ವಿಭಾಗಕ್ಕೆ ಅಥವಾ ಊರಿಗೆ, ‘ವಿತ್’ ಜೊತೆಯವರಿಗೆ ಮತ್ತು ಬಳಸುವ ಸಾಧನಕ್ಕೆ, ‘ಆ್ಯಸ್’ ಹುದ್ದೆಗೆ. ಹಾಗಾಗಿ ನಿಮ್ಮ ಗೆಳತಿಯರಲ್ಲಿ ಯಾರದ್ದೂ ಪೂರ್ತಿ ತಪ್ಪಲ್ಲ. ಅರ್ಜಿಯಲ್ಲಿ ‘ಅಪ್ಲೈ ಫಾರ್’ ಹುದ್ದೆಗೆ, ‘ಅಪ್ಲೈ ಟು’ ಕಂಪನಿಗೆ. ‘ಡಿಗ್ರಿ ಇನ್ ಕಾಮರ್ಸ್ ಫ್ರಮ್’ ಅಂತ ಬರೆದು ವಿಶ್ವವಿದ್ಯಾಲಯದ ಹೆಸರು. ‘ಐ ಪಾಸ್ಡ್ ಔಟ್ ಇನ್ 2025’ ಬೇಡ. ನಮ್ಮಲ್ಲಿ ಅರ್ಥ ಆಗುತ್ತೆ, ಆದರೆ ಹೊರದೇಶದ ಮ್ಯಾನೇಜರ್ ಓದಿದರೆ ಪ್ರಜ್ಞೆ ತಪ್ಪಿ ಬಿದ್ದಿರಿ ಅಂತ ತಿಳಿಯುತ್ತಾರೆ. ‘ಗ್ರ್ಯಾಜುಯೇಟೆಡ್ ಫ್ರಮ್’ ಸಾಕು.

ಅನುವಾದಕಿ, ಮೈಸೂರು

‘ಡಿಸ್ಕಸ್ ಅಬೌಟ್’ ಬಗ್ಗೆ ಯಾರೂ ಹೇಳಲಿಲ್ಲವಲ್ಲ, ನಾನು ಹೇಳ್ತೀನಿ. ಇದರಲ್ಲಿ ಒಂದು ಕ್ರಮ ಇದೆ, ಅದನ್ನು ಶಾಲೆಯಲ್ಲೇ ಹೇಳಿಕೊಟ್ಟಿದ್ದರೆ ಎಷ್ಟೋ ಜನಕ್ಕೆ ಅನುಕೂಲ ಆಗುತ್ತಿತ್ತು.

ಕೆಲವು ಕ್ರಿಯಾಪದಗಳು ಕರ್ಮವನ್ನು ನೇರವಾಗಿ ತೆಗೆದುಕೊಳ್ಳುತ್ತವೆ, ನಡುವೆ ಏನೂ ಬೇಡ. ಅದೇ ಪದ ನಾಮಪದವಾದ ಕೂಡಲೇ ಪ್ರೆಪೊಸಿಷನ್ ಬೇಕಾಗುತ್ತೆ. ‘ಡಿಸ್ಕಸ್ ದಿ ಸ್ಯಾಲರಿ’, ಆದರೆ ‘ಎ ಡಿಸ್ಕಷನ್ ಅಬೌಟ್ ದಿ ಸ್ಯಾಲರಿ’. ‘ರಿಕ್ವೆಸ್ಟ್ ಲೀವ್’, ಆದರೆ ‘ಎ ರಿಕ್ವೆಸ್ಟ್ ಫಾರ್ ಲೀವ್’. ‘ಆರ್ಡರ್ ಕಾಫಿ’, ‘ಆ್ಯನ್ ಆರ್ಡರ್ ಫಾರ್ ಕಾಫಿ’. ‘ಎಂಫಸೈಜ್ ದಿಸ್’, ‘ಎಂಫಸಿಸ್ ಆನ್ ದಿಸ್’. ‘ಲ್ಯಾಕ್ ಎಕ್ಸ್‌ಪೀರಿಯೆನ್ಸ್’, ‘ಲ್ಯಾಕ್ ಆಫ್ ಎಕ್ಸ್‌ಪೀರಿಯೆನ್ಸ್’. ನಾಮಪದದ ಪ್ರೆಪೊಸಿಷನ್ ಕ್ರಿಯಾಪದಕ್ಕೂ ಹರಿದುಬರುತ್ತೆ, ಕನ್ನಡದ ‘ಅದರ ಬಗ್ಗೆ ಚರ್ಚಿಸು’ ಅದನ್ನು ಗಟ್ಟಿ ಮಾಡುತ್ತೆ.

ನಮ್ಮ ‘ಗೆ’ ಕೂಡ ಹೀಗೇ. ‘ಅವರಿಗೆ ಫೋನ್ ಮಾಡು’ ‘ಫೋನ್ ಟು ಹಿಮ್’ ಆಗುತ್ತೆ, ‘ನನಗೆ ಹೇಳಿದ’ ‘ಟೋಲ್ಡ್ ಟು ಮಿ’ ಆಗುತ್ತೆ, ‘ಊರಿಗೆ ತಲುಪಿದೆ’ ‘ರೀಚ್ಡ್ ಟು’ ಆಗುತ್ತೆ. ಮೂರರಲ್ಲೂ ‘ಟು’ ಬೇಡ. ‘ಸೆಡ್’ ಬಂದರೆ ಮಾತ್ರ ‘ಸೆಡ್ ಟು ಮಿ’.

ಭಾವನೆಗಳ ಪದಗಳು ಇನ್ನೂ ಸೂಕ್ಷ್ಮ. ಕನ್ನಡದಲ್ಲಿ ಸಿಟ್ಟು, ನಂಬಿಕೆ, ಆಸೆ ಎಲ್ಲ ಇನ್ನೊಬ್ಬರ ‘ಮೇಲೆ’ ಇರುತ್ತವೆ. ಹಾಗಾಗಿ ‘ಆ್ಯಂಗ್ರಿ ಆನ್ ಮಿ’, ‘ಬಿಲೀಫ್ ಆನ್ ಗಾಡ್’. ಇಂಗ್ಲಿಷಿನಲ್ಲಿ ‘ಆ್ಯಂಗ್ರಿ ವಿತ್ ಮಿ’, ‘ಬಿಲೀಫ್ ಇನ್ ಗಾಡ್’. ಮದುವೆ ನಮಗೆ ಒಬ್ಬರ ‘ಜೊತೆ’ ಆಗುತ್ತೆ, ಇಂಗ್ಲಿಷಿನಲ್ಲಿ ‘ಮ್ಯಾರಿಡ್ ಟು’. ‘ಗಿಂತ’ ಅಂದ ಕೂಡಲೇ ‘ದ್ಯಾನ್’ ಹಾಕಬಾರದು: ‘ಸೀನಿಯರ್ ಟು ಮಿ’, ‘ಪ್ರಿಫರ್ ಕಾಫಿ ಟು ಟೀ’. ಸೀನಿಯರ್, ಜೂನಿಯರ್, ಸುಪೀರಿಯರ್, ಇನ್ಫೀರಿಯರ್ ಲ್ಯಾಟಿನ್‌ನಿಂದ ಬಂದವು, ಅವಕ್ಕೆಲ್ಲ ‘ಟು’.

ಅದಕ್ಕೆ ನನ್ನ ಸಲಹೆ ಇಷ್ಟೇ: ಒಂಟಿ ಪದ ಕಲಿಯಬೇಡಿ, ಜೋಡಿಯನ್ನೇ ಕಲಿಯಿರಿ. ನೋಟ್‌ಬುಕ್ಕಿನಲ್ಲಿ ‘ರೆಸ್ಪಾನ್ಸಿಬಲ್’ ಅಂತ ಬರೆದುಕೊಳ್ಳುವ ಬದಲು ‘ರೆಸ್ಪಾನ್ಸಿಬಲ್ ಫಾರ್ ದಿ ಅಕೌಂಟ್ಸ್’ ಅಂತ ಬರೆದುಕೊಳ್ಳಿ.

ಪಾಂಡವಪುರದಿಂದ

ಅಕ್ಕ ಹೇಳಿದ್ದು ಸರಿ. ಎತ್ತು ಕೊಳ್ಳಕ್ಕೆ ಜಾತ್ರೆಗೆ ಹೋದಾಗ ಜೋಡಿ ನೋಡಿ ಕೊಂಡಂಗೆ. ಒಂಟಿ ತಂದು ಮನೇಲಿ ಜೊತೆ ಮಾಡ್ತೀನಿ ಅಂದ್ರೆ ನೊಗಕ್ಕೆ ಒಗ್ಗಲ್ಲ.

ಆದ್ರೆ ಇನ್ನೊಂದು ಮಾತು. ‘ಡಿಸ್ಕಸ್ ಅಬೌಟ್’ ನಮ್ಮ ಆಫೀಸಲ್ಲಿ ಎಲ್ಲಾ ಬರೀತಾರೆ, ದೊಡ್ಡ ಸಾಹೇಬ್ರೂ ಬರೀತಾರೆ. ಇಷ್ಟು ಜನ ಬಳಸಿದ ಮೇಲೂ ಅದು ತಪ್ಪೇನಾ? ಇಂಗ್ಲಿಷ್ ಈಗ ನಮ್ಮದೂ ಅಲ್ವಾ?

ಗಂಗೋತ್ರಿ ಓದುಗ

ಇದು ಗಂಭೀರವಾದ ಪ್ರಶ್ನೆ. ಭಾರತದ ಇಂಗ್ಲಿಷಿಗೆ ತನ್ನದೇ ರೂಪ ಇದೆ ಎಂಬುದನ್ನು ಭಾಷಾಶಾಸ್ತ್ರ ಎಂದೋ ಒಪ್ಪಿದೆ. ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿ 1978ರ ಭಾರತೀಯ ಇಂಗ್ಲಿಷ್ ಬರಹಗಳಿಂದ ಹತ್ತು ಲಕ್ಷ ಪದಗಳ ಸಂಗ್ರಹವೊಂದನ್ನು ಕಟ್ಟಿದರು. ಅಮೆರಿಕದ 1961ರ ಬರಹಗಳಿಂದ ಮಾಡಿದ್ದ ಬ್ರೌನ್ ಸಂಗ್ರಹದ ಮಾದರಿಯಲ್ಲೇ ಅದನ್ನು ಜೋಡಿಸಿದ್ದರು, ಎರಡನ್ನೂ ಅಕ್ಕಪಕ್ಕ ಇಟ್ಟು ಹೋಲಿಸಲು ಸಾಧ್ಯವಾಗಲಿ ಎಂದು. ನಮ್ಮ ಬಳಕೆಯನ್ನು ತಪ್ಪುಗಳ ಪಟ್ಟಿ ಎನ್ನದೆ ಅಧ್ಯಯನಕ್ಕೆ ಯೋಗ್ಯವಾದ ಭಾಷೆ ಎಂದು ಕಂಡ ಕೆಲಸ ಅದು.

ಇಂಗ್ಲೆಂಡ್ ಮತ್ತು ಅಮೆರಿಕ ಕೂಡ ಪ್ರೆಪೊಸಿಷನ್ ವಿಷಯದಲ್ಲಿ ಒಂದಾಗಿಲ್ಲ. ಬ್ರಿಟಿಷರು ‘ಅಟ್ ದಿ ವೀಕೆಂಡ್’, ಅಮೆರಿಕನ್ನರು ‘ಆನ್ ದಿ ವೀಕೆಂಡ್’. ಬ್ರಿಟನ್ನಿನಲ್ಲಿ ‘ಇನ್ ದಿ ಸ್ಟ್ರೀಟ್’, ಅಮೆರಿಕದಲ್ಲಿ ‘ಆನ್ ದಿ ಸ್ಟ್ರೀಟ್’. ‘ಡಿಫರೆಂಟ್ ಫ್ರಮ್’ ಎಲ್ಲರಿಗೂ ಒಪ್ಪಿಗೆ, ‘ಡಿಫರೆಂಟ್ ಟು’ ಬ್ರಿಟನ್ನಿನಲ್ಲಿ ಸಾಮಾನ್ಯ, ‘ಡಿಫರೆಂಟ್ ದ್ಯಾನ್’ ಅಮೆರಿಕದಲ್ಲಿ. ಅಮೆರಿಕನ್ನರು ‘ರೈಟ್ ಮಿ’ ಎನ್ನುತ್ತಾರೆ, ಬ್ರಿಟಿಷರಿಗೆ ‘ರೈಟ್ ಟು ಮಿ’ ಆಗಬೇಕು. ಇಂಥ ಕಡೆ ಸರಿ-ತಪ್ಪಿನ ಜಗಳಕ್ಕೆ ಅರ್ಥವೇ ಇಲ್ಲ.

ಆಫೀಸಿನ ಒಳಗಿನ ಮೇಲ್‌ನಲ್ಲಿ ‘ಡಿಸ್ಕಸ್ ಅಬೌಟ್’ ಇದ್ದರೆ ಯಾರಿಗೂ ನಷ್ಟವಿಲ್ಲ. ಪರೀಕ್ಷೆ, ಅರ್ಜಿ, ಅಚ್ಚಾಗುವ ಬರಹ, ಹೊರದೇಶದ ಪತ್ರ ಎಂದರೆ ‘ಡಿಸ್ಕಸ್’ ಮಾತ್ರ ಬರೆಯಿರಿ. ಓದುವವರು ಯಾರು ಎಂಬುದರ ಮೇಲೆ ಆಯ್ಕೆ.

ಹೊಸ ಸದಸ್ಯ, ಕುವೆಂಪುನಗರ

ವಾಕ್ಯದ ಕೊನೆಗೆ ಪ್ರೆಪೊಸಿಷನ್ ಬರಲೇಬಾರದು ಅಂತ ಓದಿದ ನೆನಪು. ‘ದಿ ಕಂಪನಿ ಐ ವರ್ಕ್ ಫಾರ್’ ಅಂತ ಬರೆದರೆ ಅಂಕ ಹೋಗುತ್ತಾ ಸರ್?

ಮದ್ದೂರು ಮೇಷ್ಟ್ರು

ಧೈರ್ಯವಾಗಿ ಬರಿ. ಆ ಕಟ್ಟಳೆ ಇಂಗ್ಲಿಷ್ ಕವಿ ಜಾನ್ ಡ್ರೈಡನ್ 1672ರಲ್ಲಿ ನಾಟಕಕಾರ ಬೆನ್ ಜಾನ್ಸನ್ನನ ವಾಕ್ಯದ ಮೇಲೆ ಎತ್ತಿದ ಆಕ್ಷೇಪಣೆಯಿಂದ ಬೆಳೆದದ್ದು. ಲ್ಯಾಟಿನ್‌ನಲ್ಲಿ ಹಾಗೆ ಬರೆಯಲು ಆಗುವುದಿಲ್ಲ, ಇಂಗ್ಲಿಷಿನಲ್ಲಿ ಮೊದಲಿಂದಲೂ ಆಗುತ್ತೆ. ‘ದಿ ಕಂಪನಿ ಫಾರ್ ವಿಚ್ ಐ ವರ್ಕ್’ ಕೂಡ ಸರಿ, ಸ್ವಲ್ಪ ಬಿಗಿ ಅಷ್ಟೆ.

ಮಂಡ್ಯ ಬಿ.ಕಾಂ.

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇನ್ನು ಮುಂದೆ ಒಬ್ಬಳೇ ಕೂತು ಬರೆಯುವಾಗ ಸರಿಯಾದ ಜೋಡಿ ಯಾವುದು ಅಂತ ಹೇಗೆ ನೋಡಿಕೊಳ್ಳಲಿ? ಗೂಗಲ್‌ನಲ್ಲಿ ಹುಡುಕಿದ್ರೆ ಎರಡಕ್ಕೂ ಲಕ್ಷಗಟ್ಟಲೆ ಫಲಿತಾಂಶ ಬರುತ್ತೆ.

ಅನುವಾದಕಿ, ಮೈಸೂರು

ಗೂಗಲ್ ತೋರಿಸುವ ಆ ಸಂಖ್ಯೆ ನಂಬಬೇಡಿ, ಅದು ಅಂದಾಜು. ಮೊದಲು ಕಲಿಯುವವರಿಗಾಗಿಯೇ ಮಾಡಿದ ನಿಘಂಟು ನೋಡಿ. ಆಕ್ಸ್‌ಫರ್ಡ್, ಕೇಂಬ್ರಿಜ್, ಲಾಂಗ್‌ಮನ್ ಮೂರೂ ಆನ್‌ಲೈನಿನಲ್ಲಿ ಉಚಿತ. ದೊಡ್ಡ ನಿಘಂಟು ಅರ್ಥ ಕೊಟ್ಟು ಸುಮ್ಮನಾಗುತ್ತೆ. ಇವು ಪದದ ಪಕ್ಕದಲ್ಲೇ ಅದರ ಪ್ರೆಪೊಸಿಷನ್ನನ್ನು ದಪ್ಪಕ್ಷರದಲ್ಲಿ ಕೊಟ್ಟು ಕೆಳಗೆ ವಾಕ್ಯವನ್ನೂ ಕೊಡುತ್ತವೆ. ಒಂದು ಗುಟ್ಟು: ‘ಅಟ್’ ಅಂತ ಹುಡುಕಬೇಡಿ, ‘ಗುಡ್’ ಅಂತ ಹುಡುಕಿ. ಪ್ರೆಪೊಸಿಷನ್ನನ್ನು ಎಳೆದು ತರುವ ಪದ ಯಾವುದೋ ಅದರ ಕೆಳಗೇ ಉತ್ತರ ಇರುತ್ತೆ.

ಆಮೇಲೂ ಅನುಮಾನ ಇದ್ದರೆ ಗೂಗಲ್ ಎನ್‌ಗ್ರಾಮ್ ವ್ಯೂವರ್. ಎರಡು ಜೋಡಿಗಳನ್ನು ಅಲ್ಪವಿರಾಮ ಹಾಕಿ ಕೊಟ್ಟರೆ ಅಚ್ಚಾದ ಪುಸ್ತಕಗಳಲ್ಲಿ ಯಾವುದು ಎಷ್ಟು ಬಳಕೆಯಲ್ಲಿದೆ ಅಂತ ಗೆರೆ ಎಳೆದು ತೋರಿಸುತ್ತೆ. ಬ್ರಿಟಿಷ್, ಅಮೆರಿಕನ್ ಬೇರೆ ಬೇರೆ ಆರಿಸಿ ನೋಡಬಹುದು. ಪ್ರೆಪೊಸಿಷನ್ ಜಾಗದಲ್ಲಿ ನಕ್ಷತ್ರದ ಗುರುತು ಹಾಕಿದರೆ ಅಲ್ಲಿ ಹೆಚ್ಚಾಗಿ ಬರುವ ಪದಗಳನ್ನು ಅದೇ ತುಂಬಿ ಕೊಡುತ್ತೆ. ಆದರೆ ಅರ್ಥ ನೋಡಿಕೊಳ್ಳಬೇಕಾದವರು ನೀವೇ. ‘ಡಿಸ್ಕಸ್ ಇನ್’ ಕೂಡ ಸಿಗುತ್ತೆ, ಅದು ‘ಡಿಸ್ಕಸ್ ಇನ್ ಡೀಟೇಲ್’ ಅನ್ನುವ ಬೇರೆಯೇ ಮಾತು.

ಮಂಡ್ಯ ಬಿ.ಕಾಂ.

ತಿದ್ದಿ ಬರೆದಿದ್ದೀನಿ, ನೋಡಿ:

‘ಐ ಹ್ಯಾವ್ ಬೀನ್ ವರ್ಕಿಂಗ್ ಅಟ್ ಎ ಟ್ಯಾಕ್ಸ್ ಕನ್ಸಲ್ಟೆಂಟ್ಸ್ ಆಫೀಸ್ ಇನ್ ಮಂಡ್ಯ ಫಾರ್ ಎ ಇಯರ್. ಐ ಆಮ್ ಪ್ರೊಫಿಷಿಯೆಂಟ್ ಇನ್ ಟ್ಯಾಲಿ. ಐ ವಿಲ್ ಸೆಂಡ್ ಮೈ ಮಾರ್ಕ್ಸ್ ಕಾರ್ಡ್ಸ್ ಬೈ ಫ್ರೈಡೇ. ವಿ ಕ್ಯಾನ್ ಡಿಸ್ಕಸ್ ದಿ ಸ್ಯಾಲರಿ ಆನ್ ದಿ ಫೋನ್. ಐ ಕ್ಯಾನ್ ಆಲ್ಸೊ ಕಮ್ ಟು ಮೈಸೂರು ಆನ್ ನೆಕ್ಸ್ಟ್ ಮಂಡೇ.’

ಹೆಬ್ಬಾಳದ ಎಚ್.ಆರ್.

ಚೆನ್ನಾಗಿದೆ. ‘ಗುಡ್ ಅಟ್’ ಬದಲು ‘ಪ್ರೊಫಿಷಿಯೆಂಟ್ ಇನ್’ ಹಾಕಿದ್ದು ಅರ್ಜಿಗೆ ಇನ್ನೂ ಒಪ್ಪುತ್ತೆ. ಕೊನೆಯ ವಾಕ್ಯದ ‘ಆನ್’ ತೆಗೀರಿ. ದಿನದ ಹಿಂದೆ ನೆಕ್ಸ್ಟ್, ಲಾಸ್ಟ್, ದಿಸ್, ಎವ್ರಿ ಬಂದರೆ ಪ್ರೆಪೊಸಿಷನ್ ಬೇಡ. ಸಂಬಳದ ವಾಕ್ಯವನ್ನು ಮೊದಲ ಮೇಲ್‌ನಲ್ಲಿ ಬಿಟ್ಟುಬಿಡಿ ಅಂತ ನನ್ನ ಸಲಹೆ. ಅದು ವ್ಯಾಕರಣದ ಮಾತಲ್ಲ, ಸಂದರ್ಶನ ಮುಗಿದ ಮೇಲೆ ಕೇಳುವ ವಿಷಯ.

ಹೊಸ ಸದಸ್ಯ, ಕುವೆಂಪುನಗರ

ಹಾಗಾದ್ರೆ ಮೇಡಂ, ದಸರಾ ಬಗ್ಗೆ ಬರೆಯುವಾಗ? ಹೊರರಾಜ್ಯದ ಸ್ನೇಹಿತರಿಗೆ ಪತ್ರ ಬರೀತಿದ್ದೀನಿ. ‘ಇನ್ ದಸರಾ’ನಾ, ‘ಆನ್ ದಸರಾ’ನಾ? ಬೆಳಿಗ್ಗೆ ಅನ್ನೋಕೆ ‘ಇನ್ ದಿ ಮಾರ್ನಿಂಗ್’ ಅಂತ ಕಲಿತಿದ್ದೀನಿ, ಆದರೆ ಒಂದು ಪತ್ರಿಕೆಯಲ್ಲಿ ‘ಆನ್ ದಿ ಮಾರ್ನಿಂಗ್’ ಅಂತ ಇತ್ತು.

ಅನುವಾದಕಿ, ಮೈಸೂರು

ಮೈಸೂರಿನ ದಸರಾ ಒಂದು ದಿನದ ಹಬ್ಬ ಅಲ್ಲವಲ್ಲ, ಅದಕ್ಕೆ ಇಡೀ ಹಬ್ಬಕ್ಕೆ ‘ಡ್ಯೂರಿಂಗ್ ದಸರಾ’ ಅನ್ನಿ. ಜಂಬೂಸವಾರಿಯ ಒಂದು ದಿನಕ್ಕೆ ‘ಆನ್ ವಿಜಯದಶಮಿ’. ‘ಇನ್ ದಿ ಮಾರ್ನಿಂಗ್’ ಯಾವುದೋ ಒಂದು ಬೆಳಿಗ್ಗೆಗೆ, ಅಥವಾ ದಿನದ ಒಂದು ಭಾಗಕ್ಕೆ. ಯಾವ ದಿನದ ಬೆಳಿಗ್ಗೆ ಅಂತ ಗೊತ್ತುಮಾಡಿ ಹೇಳಿದರೆ ದಿನದ ‘ಆನ್’ ಬಂದು ಕೂರುತ್ತೆ, ‘ಆನ್ ದಿ ಮಾರ್ನಿಂಗ್ ಆಫ್ ವಿಜಯದಶಮಿ’. ಪತ್ರಿಕೆಯವರು ಬರೆದದ್ದು ಸರಿ. ರಾತ್ರಿಗೆ ‘ಅಟ್ ನೈಟ್’, ಹಾಗಾಗಿ ದೀಪಾಲಂಕಾರದ ಬಗ್ಗೆ ಬರೆಯುವಾಗ ‘ದಿ ಪ್ಯಾಲೇಸ್ ಈಸ್ ಲಿಟ್ ಅಪ್ ಅಟ್ ನೈಟ್ ಡ್ಯೂರಿಂಗ್ ದಸರಾ’ ಅಂತ ಬರೆದರೆ ಸಾಕು.